ಬಾತುಕೋಳಿಯ ಕವರು

ಆ ಕವರನ್ನು ನಾನು ಮೇಲೆತ್ತಿಡಬೇಕಿತ್ತು, ಎತ್ತಿಡಲಿಲ್ಲ. ಇಷ್ಟು ಸಣ್ಣ ತಪ್ಪನ್ನು ಯಾರಾದರೂ ಬರೆದು ತಿಳಿಸುತ್ತಾರೆಯೇ ಎಂದು ನೀವು ಕೇಳಬಹುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳಿಗೆ ದೊಡ್ಡ ತಪ್ಪು ಮಾಡುವ ಅವಕಾಶ ಸಿಗುವುದೇ ಕಡಿಮೆ. ಸಿಕ್ಕಿದ್ದನ್ನು ಮಾತ್ರ ಮನಸ್ಸಿಟ್ಟು ಮಾಡಿದ್ದೇನೆ.

ಗುರುವಾಯನಕೆರೆಯ ಹತ್ತಿರದ ನಮ್ಮ ಮನೆಗೆ ಕರೆಂಟಿನ ಯಾವ ಸಾಮಾನು ಬಂದರೂ ಅದಕ್ಕೆ ನಾನು ಕಸೂತಿಯ ಕವರು ಹೊಲಿಯುತ್ತೇನೆ. ಟಿವಿಗೆ ನವಿಲು, ಮಿಕ್ಸಿಗೆ ಗುಲಾಬಿ, ಫ್ರಿಜ್ಜಿಗೆ ಜೋಡಿ ಗಿಳಿ. ಹಾಗಾಗಿ ತಮ್ಮ ಹರೀಶ, ತಾನು ಕೆಲಸ ಮಾಡುವ ಮೂಡುಬಿದಿರೆಯ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಮುದಿ ಕಂಪ್ಯೂಟರನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಾಗ, ಮೇಜಿನಡಿ ಇಟ್ಟ ಅದರ ಡಬ್ಬಕ್ಕೂ ಬಾತುಕೋಳಿಯ ಕವರು ಹೊಲಿದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಕಪಟ ಬಂದದ್ದು ಅವನು ಅದರಲ್ಲಿ ನಮ್ಮ ಹಳೆಯ ವಿಡಿಯೋ ಗೇಮನ್ನು ಹಾಕಿದ ಮೇಲೆ. ಚಿಕ್ಕಂದಿನಲ್ಲಿ ಸೋದರಮಾವ ದುಬೈಯಿಂದ ತಂದ, ಟಿವಿಗೆ ಸಿಕ್ಕಿಸುವ ಗೇಮಿನ ಡಬ್ಬಿಯೊಂದು ನಮ್ಮಲ್ಲಿತ್ತು. ಬೀಡಿ ಕಟ್ಟಿ ಪಳಗಿದ ನನ್ನ ಬೆರಳುಗಳ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಕೊನೆಯ ಕೋಟೆಯ ಬಾಗಿಲಿಗೆ ತಲುಪಿದ ದಿನವೇ ಅಮ್ಮ, "ಬೀಡಿ ಬ್ರಾಂಚು ಮುಚ್ತದೆ, ಏಳು, ಕಟ್ಟಿದ್ದನ್ನು ಕೊಟ್ಟು ಬಾ" ಎಂದು ಎಬ್ಬಿಸಿದರು. ಮರುದಿನದ ಸಿಡಿಲಿಗೆ ಡಬ್ಬಿ ಸತ್ತಿತು. ಬಾಗಿಲಿನ ಹಿಂದೆ ಏನಿತ್ತೆಂದು ನನಗೆ ತಿಳಿಯಲೇ ಇಲ್ಲ.

ಈಗ ಹರೀಶ ಹಾಕಿದ್ದಕ್ಕೆ ಎಮ್ಯುಲೇಟರ್ ಎನ್ನುತ್ತಾರಂತೆ. ಅಂದರೆ ಕಂಪ್ಯೂಟರು ಆ ಹಳೆಯ ಡಬ್ಬಿಯ ವೇಷ ಕಟ್ಟುವುದು. ನಮ್ಮದು ಪ್ರಾಯ ಸಂದ ವೇಷಧಾರಿ, ಕಿರೀಟದ ಭಾರಕ್ಕೇ ಏದುಸಿರು.

"ಹಿಂದಿನಿಂದ ಗಾಳಿ ಹೋಗ್ಬೇಕು ಅಕ್ಕ. ಬಿಸಿಯಾದ್ರೆ ನಿಧಾನ ಆಗ್ತದೆ. ನಿನ್ನ ಬಾತುಕೋಳಿಯನ್ನು ಸ್ವಲ್ಪ ಮೇಲೆ ಎತ್ತಿಡು, ಆಯ್ತಾ?" ಎಂದ.

"ಆಯ್ತು" ಎಂದೆ.

ಎತ್ತಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವನ ಹೆಂಡತಿ ಶ್ವೇತಾ ಆಡಲು ಕುಳಿತಳು. ಬಿ.ಕಾಂ. ಓದಿದವಳು. ನನ್ನ ಗೇಮು, ನನ್ನ ತಮ್ಮ, ನಾನು ಒರೆಸಿಟ್ಟ ಕುರ್ಚಿ.

"ಎಂಥ ಸ್ಪೀಡು ಮಾರಾಯ್ತಿ ನಿನ್ನ ಕೈ!" ಎಂದು ಹರೀಶ ಕೂಗಿದ. ಒಂದು ಕಾಲದಲ್ಲಿ ಆ ಹೊಗಳಿಕೆ ನನ್ನ ಪಾಲಿನದು. ನಾನು ಹಿಂದೆ ಕುಳಿತು ಬೀಡಿ ಎಲೆ ಕತ್ತರಿಸುತ್ತಿದ್ದೆ.

"ಅಕ್ಕ, ನೀವೂ ಬನ್ನಿ" ಎಂದಳು ಶ್ವೇತಾ.

"ನಂಗೆ ಕೆಲಸ ಉಂಟು" ಎಂದೆ. ಇನ್ನೊಮ್ಮೆ ಕರೆಯಲಿ ಎಂದು ಕಾದೆ. ಒಳ್ಳೆಯ ಹುಡುಗಿ, ಕೆಲಸವಿದೆ ಎಂದವರನ್ನು ಮತ್ತೆ ಕರೆದು ತೊಂದರೆ ಕೊಡುವವಳಲ್ಲ.

ಮರುದಿನದಿಂದ ಗುಡಿಸುವ ನೆಪದಲ್ಲಿ ಮೇಜಿನಡಿಗೆ ಹೋಗಿ, ಗೋಡೆಯ ಕಡೆಯ ಕವರನ್ನು ಮೆಲ್ಲನೆ ಕೆಳಗೆ ಇಳಿಸತೊಡಗಿದೆ. ಎದುರಿನ ಭಾಗ ಮಡಚಿಯೇ ಇರುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹತ್ತು ನಿಮಿಷದಲ್ಲಿ ಶ್ವೇತಾಳ ಸಿಪಾಯಿ ಕೆಸರುಗದ್ದೆಯಲ್ಲಿ ಕಾಲೆತ್ತುವಂತೆ ನಡೆಯುತ್ತಿದ್ದ. ಸಂಗೀತ ಹೊಟ್ಟೆನೋವಿನವರ ನರಳಾಟದಂತೆ ಕೇಳುತ್ತಿತ್ತು. ಆಗ ನನಗೆ ಚಹಾ ತುಂಬ ರುಚಿಸುತ್ತಿತ್ತು. ಹರೀಶ ಡಬ್ಬ ಬಿಚ್ಚಿ ಧೂಳು ಊದಿದ, ಏನೋ ಪೇಸ್ಟು ಹಚ್ಚಿದ, ಮತ್ತೆ ಮುಚ್ಚಿದ. ಅವನು ಕೈ ತೊಳೆಯಲು ಹೋದಾಗ ನಾನು ಬಾತುಕೋಳಿಯನ್ನು ಅದರ ಜಾಗಕ್ಕೆ ಮರಳಿಸಿದೆ.

ಕೊನೆಗೆ ಕಳೆದ ಭಾನುವಾರ ಅವನು ಕೈಚೆಲ್ಲಿದ. "ಇದು ಆಗುವ ಕೆಲಸ ಅಲ್ಲ. ನಾಳೆ ಗುಜರಿಗೆ ಕೊಡುವ."

ಶ್ವೇತಾಳ ಮುಖ ಸಪ್ಪಗಾಯಿತು. "ಇನ್ನು ಒಂದೇ ಹಂತ ಅಲ್ವಾ ಇದ್ದದ್ದು? ಆ ಬಾಗಿಲಿನವರೆಗೆ ತಂದಿಟ್ರೆ ಸಾಕಿತ್ತು."

"ಯಾವ ಬಾಗಿಲು?" ಎಂದೆ.

"ನಿಮ್ಮದೇ ಅಕ್ಕ, ಕೋಟೆಯದ್ದು. ಅಲ್ಲಿಗೆ ತಲುಪಿಸಿ ಸೇವ್ ಮಾಡಿಟ್ರೆ ಮುಂದಿಂದು ನೀವು ಆಡ್ಬಹುದು. ಅಮ್ಮ ಅಕ್ಕನನ್ನು ಎಬ್ಬಿಸಿದಲ್ಲಿಂದಲೇ ಶುರು ಮಾಡಿಸುವ ಅಂತ ಇವರು ಹೇಳಿದ್ದು. ಅದಕ್ಕೇ ಇಷ್ಟು ದಿನ ನಾನು ಕೀಬೋರ್ಡು ಕುಟ್ಟಿದ್ದು."

ನನ್ನ ಮಡಿಲಿನ ಮೊರ ಜಾರಿ ಎಲೆಯೆಲ್ಲ ನೆಲಕ್ಕೆ ಚೆಲ್ಲಿತು. ಎದ್ದು ಹೋಗಿ ಮೇಜಿನಡಿ ತೂರಿಕೊಂಡೆ. ಡಬ್ಬ ದೋಸೆಯ ಕಾವಲಿಯಂತೆ ಕಾದಿತ್ತು. ಕವರನ್ನು ಕಿತ್ತು ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡೆ.

"ಅಲ್ಲಿ ಎಂತ ಮಾಡ್ತಿ ಅಕ್ಕ?" ಎಂದು ಹರೀಶ ಬಗ್ಗಿ ನೋಡಿದ.

ಹೊರಗೆ ಬಂದರೆ ಇಬ್ಬರ ಮುಖವನ್ನೂ ನೋಡಬೇಕಲ್ಲ, ಅಲ್ಲಿಂದಲೇ ಹೇಳಿದೆ.

"ಕವರು ನಾನೇ ಇಳಿಸ್ತಿದ್ದದ್ದು. ಗೊತ್ತಿದ್ದೇ ಇಳಿಸಿದ್ದು, ನೀವಿಬ್ಬರು ಆಡುವುದು ನೋಡ್ಲಿಕ್ಕೆ ಆಗದೆ. ತಪ್ಪಾಯ್ತು ಹರೀಶ. ತಪ್ಪಾಯ್ತು ಶ್ವೇತಾ. ಆದ್ರೆ ಆ ಬಾಗಿಲು ಮಾತ್ರ ನೀನು ತೆಗೀಬೇಡ ಮಾರಾಯ್ತಿ, ಅದನ್ನು ನಾನೇ ತೆಗೀತೇನೆ."