ಹಾಳು ಗುಡಿಯ ಜೀರ್ಣೋದ್ಧಾರ

ಹಿತ್ತಲಲ್ಲಿ ನಿಜವಾದ ಗೋಡೆಯೊಂದು ಬೀಳುತ್ತಿರುವಾಗ ಪಡಸಾಲೆಯಲ್ಲಿ ಕೂತು ಬಿದ್ದ ಗೋಡೆಯನ್ನು ಕಟ್ಟುವಂಥ ಮಗನನ್ನು ಗಂಗಾವತಿಯಲ್ಲಿ ಇನ್ಯಾರಾದರೂ ಹೆತ್ತಿದ್ದರೆ, ಆ ತಾಯಿಯನ್ನು ಶಂಕ್ರಮ್ಮ ಒಮ್ಮೆ ನೋಡಬೇಕಿತ್ತು. ಇಬ್ಬರೂ ಕೂತು ಒಂದಿಷ್ಟು ಅತ್ತು, ಚಹಾ ಕುಡಿದು ಎದ್ದು ಬರಬಹುದಿತ್ತು.

ಮಗ ಪ್ರಭುರಾಜನಿಗೆ ನಲವತ್ತು ದಾಟಿತ್ತು. ಬೀಜ-ಗೊಬ್ಬರದ ಅಂಗಡಿ. ಹಗಲೆಲ್ಲ ರೈತರಿಗೆ ಕಳೆ ಸಾಯುವ ಔಷಧ ಮಾರಿ, ಸಂಜೆ ಮನೆಗೆ ಬಂದು ಊಟದ ಟೇಬಲ್ಲಿನ ಮೇಲೆ ಕಳೆ ಬೆಳೆಸುತ್ತಿದ್ದ. (ಊಟದ ಟೇಬಲ್ಲು ಎಂದರೆ ಊಟವೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುವ ಟೇಬಲ್ಲು. ಊಟಕ್ಕೆ ಅಡುಗೆಮನೆಯ ನೆಲವಿದೆ.) ಅದೊಂದು ಆಟವಂತೆ. ಹೆಬ್ಬೆರಳುದ್ದದ ಸೈನಿಕರನ್ನು ಎರಡು ಕಡೆ ನಿಲ್ಲಿಸಿ, ದಾಳ ಒಗೆದು, ಒಬ್ಬರ ದಂಡನ್ನು ಇನ್ನೊಬ್ಬರು ಕೊಲ್ಲಬೇಕಂತೆ. ಆ ದಂಡು ಅಡಗಿ ಕೂಡಲು ಕಾಡು ಬೇಕು, ಕಾಡಿನ ನಡುವೆ ಒಂದು ಹಾಳು ಗುಡಿ ಬೇಕು. ಪ್ರಭುರಾಜ ಥರ್ಮಾಕೋಲಿನಲ್ಲಿ ಗೋಡೆ ಕಟ್ಟಿ, ಪುಟ್ಟಿ ಬಳಿದು, ಒಣಗಿದ ಮೇಲೆ ಚಾಕುವಿನಿಂದ ಮೂಲೆ ಮೂಲೆ ಮುರಿದು, ಹಲ್ಲುಜ್ಜುವ ಬ್ರಷ್ಷಿನಿಂದ ಹಸಿರು ಚಿಮುಕಿಸಿ ಪಾಚಿ ಹಿಡಿಸುತ್ತಿದ್ದ. ತೆಂಗಿನ ನಾರು ಬಳ್ಳಿಯಾಯಿತು. ಸೋಸಿದ ಚಹಾಪುಡಿ ಬಣ್ಣ ಕುಡಿದು ಒಣಗಿ ಕಾಡಿನ ನೆಲವಾಯಿತು. ಒಂದು ದಿನ ಅವನ ಹೆಂಡತಿ ಅಮೃತಾ ಅವಸರದಲ್ಲಿ ಆ ಪುಡಿಯನ್ನೇ ಕುದಿಸಿಬಿಟ್ಟಳು. ಪಕ್ಕದ ಮನೆಯ ಹುಲಗಮ್ಮ ಅದನ್ನು ಗ್ರೀನ್ ಟೀ ಎಂದುಕೊಂಡು ಗೌರವದಿಂದ ಕುಡಿದಳು, ಎರಡನೆಯ ಕಪ್ಪನ್ನು ಗೌರವದಿಂದಲೇ ಬೇಡವೆಂದಳು.

ಇದೆಲ್ಲವನ್ನೂ ಶಂಕ್ರಮ್ಮ ಸಹಿಸಿದ್ದಳು. ಸಹಿಸಲಾಗದ್ದು ಬಚ್ಚಲಮನೆಯ ಗೋಡೆ. ಹಿತ್ತಲಿನ ಆ ಹಳೆಯ ಇಟ್ಟಿಗೆ ಗೋಡೆ ಓಣಿಯ ಕಡೆಗೆ ಎದೆಮಟ್ಟಕ್ಕೆ ಕುಸಿದಿತ್ತು. ಹೋದ ಸಲ ಅಳವಂಡಿಯಿಂದ ಬಂದಿದ್ದ ತಂಗಿ ಶಿವಲಿಂಗಮ್ಮ ಜಳಕ ಅರ್ಧಕ್ಕೇ ಬಿಟ್ಟು ಎದ್ದು ಬಂದು, "ಅಕ್ಕಾ, ನಾ ಮೈ ತಿಕ್ಕೊಳ್ಳಾಕ ಹತ್ತಿದ್ರ ಓಣ್ಯಾಗ ಹೋಗೋ ಕಾಯಿಪಲ್ಲೆಯಾಂವ ಬದನಿಕಾಯಿ ಬೇಕೇನ್ರಿ ಅಂತ ನನಗ ಕೇಳಿದ" ಎಂದಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆ ಇರಲಿಲ್ಲ. ಬೀಗರು ನೆಂಟರು ಸೇರಿದ ಪ್ರತಿ ಮದುವೆಯಲ್ಲೂ ಆ ಬದನೆಕಾಯಿಯನ್ನು ಬಡಿಸಿದ್ದಳು. ಈಗ ಅದೇ ತಂಗಿ ಸೋಮವಾರ ಬರುವವಳಿದ್ದಳು. ಅಷ್ಟರೊಳಗೆ ಗೋಡೆ ಎದ್ದು ನಿಲ್ಲಬೇಕು, ಇಲ್ಲವಾದರೆ ಶಂಕ್ರಮ್ಮನ ಮಾನ ಮುಂದಿನ ಮದುವೆಯಲ್ಲೂ ಎಲೆಗೆ ಬೀಳುತ್ತದೆ.

"ಐತ್ವಾರ ಒಂದ್ ಮುಗೀಲಿ ಬೇ," ಎಂದ ಪ್ರಭುರಾಜ, ಭೂತಗನ್ನಡಿ ಹಿಡಿದು ಸೈನಿಕನ ಹುಬ್ಬು ತೀಡುತ್ತ. "ಹುಬ್ಬಳ್ಳಿಯಿಂದ ಹಾಲೇಶ ಬರ್ತಾನ, ಬಳ್ಳಾರಿಯಿಂದ ತಾಹೇರ. ನನ್ನ ಗುಡಿ ಮೆಚ್ಚಿದ್ರ ವರ್ಷದ ದೊಡ್ಡ ಆಟ ನಮ್ಮನ್ಯಾಗ ಇಡ್ತಾರ."

"ಅದು ಯಾವ ದೇವರ ಗುಡಿಯೋ?"

"ಯಾವ ದೇವರೂ ಇಲ್ಲ. ಹಾಳ ಗುಡಿ ಅದು."

"ಕೈಯಾರೆ ಕಟ್ಟಾಂವ, ಛಲೋದ ಕಟ್ಟಬಾರದೇನು?"

"ಛಲೋದ ಇದ್ರ ಯಾರ ನೋಡ್ತಾರ ಬೇ?"

"ಹಂಗಾರ ನಮ್ಮ ಬಚ್ಚಲಾನ ನೋಡಿ ಹೋಗ್ಲಿ," ಎಂದು ಶಂಕ್ರಮ್ಮ ಹಿತ್ತಲಿಗೆ ನಡೆದಳು. ಸಿಟ್ಟಿನಲ್ಲಿ ಒನಕೆ ತೆಗೆದುಕೊಂಡು ಗೋಡೆಯ ಎಡ ಮೂಲೆಗೆ ಒಂದು ಕುಟ್ಟಿದಳು. ಇನ್ನಷ್ಟು ಬಿದ್ದರಾದರೂ ಮಗನಿಗೆ ಕಂಡೀತು ಎಂಬ ಲೆಕ್ಕ. ಇಟ್ಟಿಗೆಗಳೇನೋ ಧಾರಾಳವಾಗಿ ಬಿದ್ದವು. ಮಗ ಮಾತ್ರ ಇನ್ನೊಂದು ಹುಬ್ಬಿಗೆ ಕೈ ಹಾಕಿದ್ದ.

ಶನಿವಾರ ಮಗ ಅಂಗಡಿಗೆ, ಸೊಸೆ ಪಾಠ ಹೇಳಲು ಸಾಲೆಗೆ ಹೋದ ಮೇಲೆ ಶಂಕ್ರಮ್ಮ ಗೌಂಡಿ ಸಾದಿಕನನ್ನು ಕರೆಸಿದಳು. ಸಾದಿಕ ಬಚ್ಚಲ ಗೋಡೆಯನ್ನು ಹಿಂದೆ ಮುಂದೆ ನೋಡಿ, "ಉಸುಕಿಲ್ಲದ ನಾ ಏನ್ ಮಾಡ್ಲಿ ಅಮ್ಮಾರ? ಸೋಮವಾರ ಮುಂಜಾನೆ ಉಸುಕು ಸಿಮೆಂಟು ಎಲ್ಲಾ ತಗೊಂಡ ಬರ್ತೀನಿ" ಎಂದ. ಹೋಗುವಾಗ ಪಡಸಾಲೆಯಲ್ಲಿ ನಿಂತುಬಿಟ್ಟ. ಟೇಬಲ್ಲಿನ ಮೇಲಿನ ಗುಡಿಯನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಅಮ್ಮಾರ, ಈ ಗೋಡಿ ಯಾವ ಗೌಂಡಿ ಕಟ್ಯಾನ? ಸೊಟ್ಟ ಐತಲ್ರಿ."

ಶಂಕ್ರಮ್ಮನಿಗೆ ಆ ಗಳಿಗೆಯಲ್ಲಿ ಬೆಳಕು ಕಂಡಿತು. ಸೋಮವಾರ ತಂಗಿ ಬಂದರೆ ಬಚ್ಚಲಿಗಿಂತ ಮೊದಲು ಕಾಣುವುದು ಪಡಸಾಲೆ. ಅಲ್ಲಿ ದೀಪವಿಲ್ಲದ, ದೇವರಿಲ್ಲದ ಹಾಳು ಗುಡಿ ಬಾಯಿ ತೆರೆದು ನಿಂತಿದ್ದರೆ ಆ ಬಾಯಿಗಿಂತ ದೊಡ್ಡ ಬಾಯಿ ಶಿವಲಿಂಗಮ್ಮನದು. ದೊಡ್ಡ ಗೋಡೆಗೆ ಉಸುಕಿಲ್ಲ ನಿಜ. ಸಣ್ಣದಕ್ಕೆ ಒಂದು ಮುಷ್ಟಿ ಸಾಕಲ್ಲ?

"ನೀ ಇದನ್ನ ನೆಟ್ಟಗ ಮಾಡಪಾ," ಎಂದಳು.

"ಗುಡಿ ಕೆಲಸಕ್ಕ ನಾ ಕೂಲಿ ಮುಟ್ಟಂಗಿಲ್ರಿ. ಚಾ ಮಾಡ್ರಿ, ಸಾಕು."

(ಚಹಾಪುಡಿಯನ್ನು ಶಂಕ್ರಮ್ಮ ಮೂಸಿ ನೋಡಿಯೇ ಹಾಕಿದಳು.)

ಸಾದಿಕ ಚೀಲದಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ತೆಗೆದು ಅಂಗೈ ಎತ್ತರದ ಗೋಡೆಗೆ ಇಳಿಬಿಟ್ಟ. ಗುಂಡು ಗೋಡೆಗಿಂತ ದೊಡ್ಡದಿತ್ತು. ಚೀಲದ ತಳದಲ್ಲಿದ್ದ ಒಂದು ಮುಷ್ಟಿ ಉಸುಕು-ಸಿಮೆಂಟು ಕಲಸಿ, ಕರಣಿ ಒಳಗೆ ಹೋಗಲಿಲ್ಲವೆಂದು ಚಹಾದ ಚಮಚದಿಂದ ಗಿಲಾವು ಮಾಡಿದ. ಬಿರುಕು ಮುಚ್ಚಿತು, ಮೂಲೆ ಮೂಡಿತು, ಬಾಗಿದ್ದ ಕಂಬಗಳು ಸಾಲೆಯ ಮಕ್ಕಳ ಹಾಗೆ ನೆಟ್ಟಗೆ ನಿಂತವು. ಶಂಕ್ರಮ್ಮ ಕಾಡಿಗೆ ಇಳಿದಳು. ಬಳ್ಳಿ ಕಿತ್ತಳು, ಕಸ ಬಳಿದಳು, ಗೋಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದಳು, ಕುಂಕುಮದ ಭರಣಿಯ ಮುಚ್ಚಳವನ್ನು ಕಳಸವಾಗಿ ಏರಿಸಿದಳು. ಉಳಿದವರು ಸೈನಿಕರು. ಬಂದೂಕು ಹಿಡಿದು ಅಲ್ಲಲ್ಲಿ ಹೊಟ್ಟೆಯ ಮೇಲೆ ಮಲಗಿದ್ದ ಆ ಪಾಪದವರನ್ನು ಹಸಿ ಅರಿವೆಯಿಂದ ಮುಖ ಒರೆಸಿ, ಎಬ್ಬಿಸಿದಳು. ಮಲಗಿದಂತೆಯೇ ಮಾಡಿದ ಬೊಂಬೆಗಳು ನಿಲ್ಲಲೊಲ್ಲವು. ಅವನ್ನು ಉದ್ದಕ್ಕೆ ಮಲಗಿ ಹಾಕುವ ದೀಡನಮಸ್ಕಾರಕ್ಕೆ ಬಿಟ್ಟು, ನಿಲ್ಲುವವರನ್ನು ಗುಡಿಯ ಬಾಗಿಲಿಗೆ ಪ್ರಸಾದದ ಪಾಳಿಯಲ್ಲಿ ನಿಲ್ಲಿಸಿದಳು. ಎರಡೂ ಕಡೆಯ ದಂಡು ಒಂದೇ ಪಾಳಿಯಲ್ಲಿ. ಮುಂದೆ ಒಂದು ಸಣ್ಣ ದೀಪ.

ಸಂಜೆ ಬಂದ ಪ್ರಭುರಾಜ ಅದನ್ನು ನೋಡಿ, ಕುರ್ಚಿ ಪಕ್ಕದಲ್ಲೇ ಇದ್ದರೂ ನೆಲದ ಮೇಲೆ ಕುಳಿತ.

"ಯವ್ವಾ, ಏನ್ ಮಾಡಿದೆಬೇ ಇದು? ಆರು ತಿಂಗಳ ಹಿಡಿದಿತ್ತು ಅದನ್ನ ಕೆಡವಾಕ."

"ಒಂದ ಮಧ್ಯಾಹ್ನಕ್ಕ ನೆಟ್ಟಗ ಮಾಡಿವಿ ನೋಡು," ಎಂದಳು ಶಂಕ್ರಮ್ಮ.

"ನಾಳೆ ಅವರು ಬಂದ್ರ ಏನ್ ತೋರಸ್ಲಿ?"

ಅಮೃತಾ ಸೆರಗು ಬಾಯಿಗೆ ಒತ್ತಿಕೊಂಡು, "ಅತ್ತಿ, ಕಳಸಾರೋಹಣಕ್ಕ ಸ್ವಾಮ್ಯಾರ್ನ ಕರಸೂನೇನ್ರಿ?" ಎಂದವಳೇ ಅಡುಗೆಮನೆಗೆ ಹೋದಳು. ಒಳಗಿನಿಂದ ಬಹಳ ಹೊತ್ತು ಪಾತ್ರೆಗಳ ಸದ್ದು ಬಂತು. ಪಾತ್ರೆ ನಗುವುದಿಲ್ಲ ಎಂಬುದು ಪ್ರಭುರಾಜನಿಗೂ ಗೊತ್ತಿತ್ತು.

ಭಾನುವಾರ ಹಾಲೇಶ, ತಾಹೇರ ಬಂದರು. ಟೇಬಲ್ಲಿನ ಮುಂದೆ ನಿಂತರು. ತಾಹೇರ ಮೆಲ್ಲಗೆ ಬೂಟು ಕಳಚಿ ಬಾಗಿಲಾಚೆ ಇಟ್ಟು ಬಂದ.

"ಗುಡಿ ಭಾಳ ಛಲೋ ಐತಿ ಪ್ರಭಣ್ಣ," ಎಂದ. "ಆದ್ರ ಇಲ್ಲಿ ಗುಂಡು ಹಾರಸಾಕ ಮನಸ್ ಬರವಲ್ದು. ಮಂದಿ ಎಲ್ಲಾ ಪಾಳಿ ಹಚ್ಚ್ಯಾರ."

"ಯಾರನ್ನ ಕೊಂದ್ರೂ ಪ್ರಸಾದ ತಪ್ಪಿಸಿದಂಗ ಆಕ್ಕೈತಿ," ಎಂದ ಹಾಲೇಶ.

ಹಾಲೇಶ ಕೈ ತೊಳೆಯಲು ಹಿತ್ತಲಿಗೆ ಹೋದವನು ತಿರುಗಿ ಬರಲಿಲ್ಲ. ಅವನನ್ನು ಕರೆಯಲು ಹೋದ ತಾಹೇರನೂ ಬರಲಿಲ್ಲ. ಇಬ್ಬರನ್ನೂ ಹುಡುಕಲು ಪ್ರಭುರಾಜ ಹೋದ. ಮಂಡಕ್ಕಿ-ಮಿರ್ಚಿ ಆರುತ್ತದೆ ಎಂದು ಶಂಕ್ರಮ್ಮ ತಟ್ಟೆ ಹಿಡಿದು ಹೋಗಿ ನೋಡಿದರೆ ಮೂವರೂ ಬಚ್ಚಲ ಗೋಡೆಯ ಮುಂದೆ ಕೈ ಕಟ್ಟಿ ನಿಂತಿದ್ದರು.

"ಏನ್ ಪಾಚಿ ಹಿಡಿಸಿಯೋ ಮಾರಾಯಾ," ಎನ್ನುತ್ತಿದ್ದ ಹಾಲೇಶ, ಭೂತಗನ್ನಡಿಯನ್ನು ಇಟ್ಟಿಗೆಗೆ ಹಿಡಿದು. "ಈ ಬಿಳೇ ಗೆರಿ ಏನ್ ಬಣ್ಣದ್ದು?"

"ಸಬಕಾರದ ನೀರು," ಎಂದ ಪ್ರಭುರಾಜ. ತನ್ನ ಮನೆಯ ಗೋಡೆಯನ್ನು ಅವನು ಆವತ್ತೇ ಮೊದಲ ಸಲ ನೋಡಿದ್ದು.

"ಅರಳಿ ಸಸಿ ನಿಜವಾದದ್ದ ಐತ್ರಿ," ಎಂದ ತಾಹೇರ. "ಆ ಎಡ ಮೂಲಿ ನೋಡ್ರಿ. ಈಗಷ್ಟ ತೋಪಿನ ಗುಂಡು ಬಿದ್ದಂಗ ಐತಿ. ಯಾರ ಕೈಚಳಕ ಅದು?"

ಹಿಂದಿನ ಸಂಜೆಯಿಂದ ಬೈಗುಳ ಬಿಟ್ಟು ಬೇರೆ ಮಾತು ಕೇಳದ ಶಂಕ್ರಮ್ಮನಿಗೆ ಎದೆ ತುಂಬಿ ಬಂತು. ತಟ್ಟೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ನಂದಪಾ," ಎಂದಳು. "ಒಂದ ಏಟಿಗೆ."

ಆ ಮಾತನ್ನು ಅವಳು ಆಡಬಾರದಿತ್ತು.

ಆಟ ಅಲ್ಲೇ ನಡೆಯಿತು. ಪಾಳಿಯಲ್ಲಿದ್ದವರು ಪ್ರಸಾದವಿಲ್ಲದೆ ಬಂದು ಬಚ್ಚಲ ಗೋಡೆ ಹತ್ತಿದರು, ಹಂಡೆಯ ಮರೆಗೆ ನಿಂತು ಗುಂಡು ಹಾರಿಸಿದರು, ಮೋರಿಯಲ್ಲಿ ವೀರಮರಣ ಹೊಂದಿದರು. ಸಂಜೆ ಹೋಗುವಾಗ ಹಾಲೇಶ, ವರ್ಷದ ದೊಡ್ಡ ಆಟ ಇಲ್ಲೇ, ಈ ಗೋಡೆಯ ಮೇಲೇ ಎಂದು ಮಾತು ಕೊಟ್ಟ. ಒಂದೇ ಕರಾರು: ಅಲ್ಲಿಯವರೆಗೆ ಇಟ್ಟಿಗೆಯೊಂದೂ ಅಲುಗಬಾರದು.

ಸೋಮವಾರ ಸಾದಿಕ ಉಸುಕಿನ ಗಾಡಿ ತಂದ. ಪ್ರಭುರಾಜ ಬಾಗಿಲಲ್ಲೇ ತಡೆದ. ಆನೆಗುಂದಿಯ ಹಳೇ ಕಂಬಗಳಿಗೆ ಸರ್ಕಾರದವರು ಮಾಡುವಂತೆ ಗೋಡೆಯ ಸುತ್ತ ಅರಿವೆ ಒಣಹಾಕುವ ಹಗ್ಗ ಬಿಗಿದು, ರಟ್ಟಿನ ಫಲಕ ತೂಗಿಬಿಟ್ಟಿದ್ದ. ಅಷ್ಟರಲ್ಲಿ ಬಸ್ಸಿಳಿದು ಬಂದ ಶಿವಲಿಂಗಮ್ಮ ಟವೆಲ್ಲು ಹಿಡಿದು ನೇರ ಹಿತ್ತಲಿಗೇ ನಡೆದಳು. ಫಲಕವನ್ನು ಎಲ್ಲರಿಗೂ ಕೇಳುವಂತೆ ಓದಿದಳು.

"ಸಂರಕ್ಷಿತ ಗೋಡೆ. ಮುಟ್ಟಬಾರದು." ಆಮೇಲೆ ಅಕ್ಕನ ಕಡೆ ತಿರುಗಿ, "ಹೋದ ಸಲ ಬರೇ ಬಿದ್ದಿತ್ತು ಅಕ್ಕಾ. ಈ ಸಲ ಬಿದ್ದದ್ದಕ್ಕ ಬಂದೋಬಸ್ತ್ ಮಾಡೀರಿ" ಎಂದಳು.

ಫೋನು ಕಿವಿಗಿಟ್ಟುಕೊಂಡು ಪ್ರಭುರಾಜ ಬಂದ. ಚಿಕ್ಕವನಿದ್ದಾಗ ಬೆಲ್ಲ ಕೇಳುವಾಗಿನ ದನಿ ತೆಗೆದಿದ್ದ.

"ಯವ್ವಾ, ಹಾಲೇಶಂದು ಫೋನು. ಉಳಿದದ್ದು ಅಲುಗಬಾರದು, ಬಲ ಮೂಲಿ ಒಂದು ಎಡದ್ದರಂಗ ಆಗಬೇಕಂತ. ಬ್ಯಾರೇರ ಕೈಲೆ ಆಗಂಗಿಲ್ಲ, ಅಮ್ಮಾರ ಬೇಕು ಅಂತಾನ."

ಅಮೃತಾ ಒಳಗಿನಿಂದ ಒನಕೆ ತಂದು ಅತ್ತೆಯ ಕೈಗೆ ಕೊಟ್ಟಳು. ಶಿವಲಿಂಗಮ್ಮ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಂಡೆಯ ಕಟ್ಟೆಯ ಮೇಲೆ ನಿಶ್ಚಿಂತೆಯಿಂದ ಕುಳಿತಳು.

"ಹೊಡಿ ಅಕ್ಕಾ, ನೋಡೂನು," ಎಂದಳು. "ಮುಂದಿನ ತಿಂಗಳ ಯಲಬುರ್ಗ್ಯಾಗ ಮದುವಿ ಐತಿ. ಬದನಿಕಾಯಿ ಹಳೇದಾತು."