ಪಾರ್ಟ್ರಿಡ್ಜ್ ಪದದ ಮೂಲ

ಯಾವುದೇ ಇಂಗ್ಲಿಷ್ ಪದ ಕೊಡಿ, ಅದರ ಬೇರನ್ನು ಸಂಸ್ಕೃತದಲ್ಲಿ ತೋರಿಸುತ್ತೇನೆ ಎಂದು ಬೀಗರ ಮನೆ ಊಟದಲ್ಲಿ ಜಂಬ ಕೊಚ್ಚಿದ್ದೇ ಬಸವೇಶ್ವರನಗರದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಗಿರಿರಾಜರಿಗೆ ಮುಳುವಾಯಿತು.

ಮಗ ಮಧುಕುಮಾರನಿಗೆ ಹೆಣ್ಣು ಕೊಟ್ಟ ಮುನಿರಾಜು ನಾಯಂಡಹಳ್ಳಿಯ ಹಳೇ ಕುಳ. ಹಿಂದೆ ಅವರ ರಾಗಿಹೊಲದ ತುಂಬ ಕೌಜುಗ ಹಕ್ಕಿಗಳಿದ್ದವಂತೆ. ಆ ನೆನಪಿಗೆ, ಕೆಂಗೇರಿ ಉಪನಗರದಲ್ಲಿ ಕಟ್ಟಿಸಿದ ಹೊಸ ಮನೆಗೆ ಕೌಜುಗದ ಇಂಗ್ಲಿಷ್ ಹೆಸರನ್ನೇ ಗ್ರಾನೈಟಿನಲ್ಲಿ ಕೆತ್ತಿಸಿದ್ದರು: ‘ಪಾರ್ಟ್ರಿಡ್ಜ್’. ಗೃಹಪ್ರವೇಶದ ದಿನ ಆ ಪದದ ಮೂಲದ ಬಗ್ಗೆ ಬೀಗರೇ ಎರಡು ಮಾತಾಡಬೇಕೆಂದು ಪಟ್ಟು ಹಿಡಿದರು.

ಅಂದು ಬೆಳಿಗ್ಗೆ ಮೆಟ್ರೋದಲ್ಲಿ ಕುಳಿತ ಮೇಲೆ ಗಿರಿರಾಜರು ಮೊಬೈಲಿನಲ್ಲಿ ನಿಘಂಟು ತೆರೆದರು. ಇಂಗ್ಲಿಷಿನಿಂದ ಫ್ರೆಂಚ್, ಅಲ್ಲಿಂದ ಲ್ಯಾಟಿನ್, ಕೊನೆಗೆ ಗ್ರೀಕಿನ ‘ಪೆರ್ದಿಕ್ಸ್’. ಹಕ್ಕಿ ಪುರ್ರನೆ ಹಾರುವ ಸದ್ದಿನಿಂದಾಗಿ, ಹೂಸು ಬಿಡುವುದು ಎಂಬ ಅರ್ಥದ ಕ್ರಿಯಾಪದದಿಂದ ಈ ಹೆಸರು ಹುಟ್ಟಿರಬೇಕಂತೆ. ಅದರ ಒಡಹುಟ್ಟು ಸಂಸ್ಕೃತದಲ್ಲೂ ಇತ್ತು, ‘ಪರ್ದ’. ಅರ್ಥವೂ ಅದೇ. ಸಾರಿನಲ್ಲಿ ಹಲ್ಲಿ ಕಂಡವರಂತೆ ಗಿರಿರಾಜರು ಮೊಬೈಲನ್ನು ಕಿಸೆಗೆ ತುರುಕಿದರು.

ಗಂಟಲು ಕಟ್ಟಿದೆ ಎಂದು ನೆಪ ಹೇಳಿ ನೋಡಿದರು. ಮುನಿರಾಜುವಿನ ತಾಯಿ ಅಕ್ಕಯ್ಯಮ್ಮ ಎದುರಿಗೇ ನಿಂತು ಒಂದು ಚೊಂಬು ಮೆಣಸಿನ ಕಷಾಯ ಕುಡಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ಯಾರೋ ಕೈಗೆ ಮೈಕು ಕೊಟ್ಟರು. ಶಾಮಿಯಾನದ ಕೆಳಗೆ ಇನ್ನೂರು ಜನ.

“ಇದರ ಧಾತು ‘ಪರ್ದ’,” ಎಂದರು ಗಿರಿರಾಜರು. “ಅಂದ್ರೆ... ಒಳಗಿಂದ ತಾನಾಗೇ ಹೊಮ್ಮೋ ನಾದ. ತಡೆಯೋಕೆ ಯಾರಿಂದಲೂ ಆಗಲ್ಲ.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುನಿರಾಜು ಕಣ್ಣೊರೆಸಿಕೊಂಡರು. ಗಿರಿರಾಜರಿಗೆ ಹೋದ ಮಾನ ತಿರುಗಿ ಬಂದಂತಾಯಿತು.

ಅಷ್ಟರಲ್ಲಿ ಸೊಸೆ ಕವನಾ ಮೂರು ತಿಂಗಳ ಕೂಸನ್ನೆತ್ತಿಕೊಂಡು ಬಂದಳು. “ಮಾವ, ಪಾಪುಗೆ ಹೆಸ್ರು ಸಿಗ್ದೆ ಒದ್ದಾಡ್ತಿದ್ವಿ. ‘ಪರ್ದಿಕಾ’ ಅಂತ ಇಡ್ತಾ ಇದೀವಿ. ಇವ್ರು ಆಗ್ಲೇ ಬರ್ತ್ ಸರ್ಟಿಫಿಕೇಟ್‌ಗೆ ಆನ್‌ಲೈನಲ್ಲಿ ಹಾಕ್ಬಿಟ್ರು.”

“ಬೇಡಮ್ಮ. ಅದಕ್ಕೆ ಇನ್ನೊಂದು ಅರ್ಥಾನೂ ಇದೆ.”

“ಏನು ಮಾವ?”

ಮೈಕು ಇನ್ನೂ ಆನ್ ಇತ್ತು. ಇನ್ನೂರು ಮುಖಗಳು ಅವರತ್ತ ತಿರುಗಿದ್ದವು. ಗಿರಿರಾಜರ ಕಿವಿ ಕೆಂಪಾಯಿತು.

“ಅದೂ... ಒಳ್ಳೇದೇ,” ಎಂದರು.

ಮೂಲ ಹುಡುಕಿದವರೇ ಹೆಸರು ಹೇಳಲಿ ಎಂದು ಅಕ್ಕಯ್ಯಮ್ಮ ಕೂಸನ್ನು ತೊಟ್ಟಿಲಿಗೆ ಹಾಕಿಸಿ, ಅವರನ್ನು ಅಲ್ಲಿಗೆ ಎಳೆದೊಯ್ದರು. ಗಿರಿರಾಜರು ಬಗ್ಗಿ, ಮೊಮ್ಮಗಳ ಪುಟ್ಟ ಕಿವಿಯಲ್ಲಿ ಮೊದಲು ಕ್ಷಮಿಸು ಕಂದ ಎಂದರು. ಆಮೇಲೆ ಹೆಸರನ್ನು ಮೂರು ಸಲ ಹೇಳಿದರು.