ಮುನ್ನೂರು ಕೇಳುಗರು

ಗುರುಪಾದನ ತಾಪತ್ರಯ ಶುರುವಾದದ್ದು ಜನ ಅವನನ್ನು ಕೇಳತೊಡಗಿದ ಮೇಲೆ. ಯಾರೂ ಕೇಳದಿದ್ದಾಗ ಪಾಪ, ಅವನು ಆರಾಮಾಗಿಯೇ ಇದ್ದ.

ಮೂಡಲಗಿಯ ದುಂಡಪ್ಪ ಕಾಕಾನ ಬೀಜ-ಗೊಬ್ಬರದ ಅಂಗಡಿಯಲ್ಲಿ ವಾರಕ್ಕೆ ಆರು ದಿನ ನಿಂತೇ ಕೆಲಸ ಮಾಡುವ ಗುರುಪಾದನಿಗೆ ನಲವತ್ಮೂರು ವಯಸ್ಸು; ಅವನ ಸೊಂಟಕ್ಕೆ ಅರವತ್ತು. ರವಿವಾರ ಸಂಜೆ ನಾಲ್ಕರಿಂದ ಐದು ಮಾತ್ರ ಅವನ ಸ್ವಂತದ್ದು. ಆ ಒಂದು ತಾಸು ಅವನು ಬೆಳಗಾವಿಯ ಒಂದು ಸಣ್ಣ ಇಂಟರ್‌ನೆಟ್ ರೇಡಿಯೋಕ್ಕೆ ಟ್ರಾನ್ಸ್ ಸಂಗೀತ ನುಡಿಸುತ್ತಿದ್ದ. ಮರುದಿನ ಅದೇ ಪಾಡ್‌ಕಾಸ್ಟ್ ಆಗಿ ವಾರವಿಡೀ ಇರುತ್ತಿತ್ತು. ಟ್ರಾನ್ಸ್ ಎಂದರೆ ಹೆಚ್ಚು ಮಾತಿಲ್ಲ. ತಾಳ ಎದೆಬಡಿತದ ಹಾಗೆ ನಡೆಯುತ್ತಲೇ ಇರಬೇಕು, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಗೊತ್ತಾಗದಂತೆ ಅದರೊಳಗೆ ಬೆರೆಸಬೇಕು. ಗುರುಪಾದನಿಗೆ ಬರದಿದ್ದದ್ದು ಈ ಬೆರೆಸುವುದೊಂದೇ. ಅವನು ಬೆರೆಸಹೋದರೆ ಎರಡು ತಾಳಗಳು ಒಂದರ ಕಾಲನ್ನೊಂದು ತುಳಿದು, ಹಿತ್ತಲಲ್ಲಿ ತಗಡು ಬಿದ್ದಂಥ ಸದ್ದಾಗುತ್ತಿತ್ತು. ಅದನ್ನು ಮುಚ್ಚಲು ಗಾಬರಿಯಿಂದ ಸೈರನ್ನಿನ ಗುಂಡಿ ಒತ್ತುತ್ತಿದ್ದ. ತಾಸಿಗೆ ಹದಿನೈದು ಸಲ ತಗಡು, ಹದಿನೈದು ಸಲ ಸೈರನ್ನು.

ಎರಡು ವರ್ಷ ಇದನ್ನು ಕೇಳಿದವರು ಹನ್ನೊಂದು ಜನ. ಈ ಜನವರಿಯಲ್ಲಿ ಅದೇನಾಯಿತೋ, ಹನ್ನೊಂದು ನೂರಾಯಿತು, ನೂರು ಇನ್ನೂರಾಯಿತು, ಹೋದ ವಾರ ಮುನ್ನೂರ ನಲವತ್ತಾರು! ಅದೂ ಎಲ್ಲಿಯವರು? ಮೂಡಲಗಿ, ಗೋಕಾಕ, ಹುಕ್ಕೇರಿ, ಹತ್ತರಗಿ, ಬೆಲ್ಲದ ಬಾಗೇವಾಡಿಯವರು. ತನ್ನ ಮಂದಿ ತನ್ನ ಸಂಗೀತ ಕೇಳುತ್ತಿದ್ದಾರೆ ಎಂದು ಗುರುಪಾದನಿಗೆ ಕಣ್ಣು ತುಂಬಿ ಬಂದಿತ್ತು.

ಈ ರವಿವಾರ ಬೆಳಿಗ್ಗೆ ರೇಡಿಯೋದ ಸುಮನ ಮೇಡಂ ಫೋನ್ ಮಾಡಿದರು.

“ಗುರುಪಾದ ಅವರ, ಇವತ್ತ ಐದ ಗಂಟೆಕ್ಕ ಮುನ್ನೂರು ಕೇಳುಗರು ಉಳದಿದ್ರ ನಿಮ್ಮ ತಾಸು ಕಾಯಂ. ಇಲ್ಲಂದ್ರ ಬೇಜಾರ ಮಾಡ್ಕೋಬ್ಯಾಡ್ರಿ, ಉಪ್ಪಿನಕಾಯಿ ಕಾರ್ಯಕ್ರಮದವರು ಕಾಯಾಕತ್ತಾರ.”

“ಇವತ್ತ ನೋಡ್ರಿ ಮೇಡಂ,” ಎಂದ ಗುರುಪಾದ. ಇಷ್ಟು ಜನ ನಂಬಿ ಬಂದಿರುವಾಗ ಅವರ ಕಿವಿಗೆ ತಗಡು ಬಡಿಯುವುದು ಅನ್ಯಾಯ ಎಂದು ಅವನಿಗೆ ಅನ್ನಿಸಿತ್ತು. ಒಂದು ತಿಂಗಳಿಂದ ನಸುಕಿನಲ್ಲೆದ್ದು ತಾಳ ಎಣಿಸಿ ಎಣಿಸಿ ಬೆರೆಸುವುದನ್ನು ಕಲಿತಿದ್ದ. ಸೈರನ್ನಿನ ಗುಂಡಿಯ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿಬಿಟ್ಟಿದ್ದ.

ಕಡೆಯ ತಾಲೀಮಿಗೆಂದು ಕೂತನೋ ಇಲ್ಲವೋ, ಕೆಳಗಿನಿಂದ ದುಂಡಪ್ಪ ಕಾಕಾನ ದನಿ ಬಂತು. ಕಾಕಾ ಅಂಗಡಿಯ ಮಾಲಕನಷ್ಟೇ ಅಲ್ಲ, ಮನೆಯ ಮಾಲಕನೂ ಹೌದು. ಮೇಲಿನ ಖೋಲಿಯಲ್ಲಿ ಗುರುಪಾದ ಹೆಂಡತಿ ಭಾಗ್ಯಾಳೊಂದಿಗೆ ಬಾಡಿಗೆಗಿದ್ದ.

“ತಮ್ಮಾ, ಗೊಬ್ಬರದ ಲಾರಿ ಬಂದೈತಿ. ಹಮಾಲ್ರು ರಜಾ ಅದಾರ. ಹಂಗ ಒಂದೀಟ ಕೈ ಹಚ್ಚು.”

“ಕಾಕಾ, ಇವತ್ತ ನಂದು...”

“ಗೊತ್ತೈತೋ. ನಾಲ್ಕಕ್ಕ ಐತಿ ನಿಂದು. ಊರಿಗೆಲ್ಲಾ ನಾನ ಹೇಳೇನಿ.”

ಒಂದೀಟು ಎಂದದ್ದು ನೂರಿಪ್ಪತ್ತು ಚೀಲವಾಯಿತು. ಅಲ್ಲಿಗೇ ತನ್ನ ಗೊಬ್ಬರ ಒಯ್ಯಲು ಬಂದಿದ್ದ ರೈತ ಬೀರಸಿದ್ದಪ್ಪ, ಚೀಲಕ್ಕೆ ಕೈ ಹಚ್ಚುವ ಬದಲು ಗುರುಪಾದನ ಕೈಯನ್ನೇ ಹಿಡಿದುಕೊಂಡ.

“ಗುರುಪಾದಣ್ಣಾರ, ನಾಲ್ಕ ಹೊಡದ್ರ ಸಾಕು, ಹೊಲದಾಗ ನಿಮ್ದ ಹಚ್ಚತೇನ್ರಿ. ದೊಡ್ಡ ಸ್ಪೀಕರ ತಂದೇನಿ. ನಮ್ಮ ಓಣಿ ಮಂದಿ ಎಲ್ಲಾರೂ ಹಚ್ಚತಾರ. ನಿಮ್ಮ ಉಪಕಾರ ಮರ್ಯಾಕ ಆಗೂದಿಲ್ರಿ.”

ಕಳೆ ಕೀಳುವವರು ತನ್ನ ತಾಳಕ್ಕೆ ಕೈ ಆಡಿಸುವ ದೃಶ್ಯ ಗುರುಪಾದನ ಕಣ್ಮುಂದೆ ಬಂತು. ಉಳಿದ ಚೀಲಗಳು ಹಗುರಾದವು. ಸೊಂಟಕ್ಕೆ ಮಾತ್ರ ಅದು ತಿಳಿಯಲಿಲ್ಲ.

ಸೊಂಟ ಹಿಡಿದುಕೊಂಡು ಮನೆ ಸೇರುವಾಗ ಒಂದೂವರೆ. ಎರಡಕ್ಕೆ ಕರೆಂಟು ಹೋಯಿತು. ಕರೆಂಟ್ ಆಫೀಸಿಗೆ ಫೋನ್ ಮಾಡಿ ಕೇಳಿದರೆ, “ಆರಕ್ಕ ಬರತೈತ್ರಿ, ಬಂದ್ರ,” ಎಂದರು. ಇನ್ವರ್ಟರ್ ಇದ್ದದ್ದು ರಸ್ತೆಯಾಚೆಯ ಅಂಗಡಿಯಲ್ಲಿ. ಭಾಗ್ಯಾ ಲ್ಯಾಪ್‌ಟಾಪ್ ಎತ್ತಿಕೊಂಡಳು, ಗುರುಪಾದ ಮಿಕ್ಸರ್ ಹೊತ್ತ. ದಾರಿಗೆ ಅಡ್ಡವಾಗಿ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದರಲ್ಲೂ ಒಂದೊಂದು ಹಾಡು. ಆ ಸಾಲು ಮುಗಿಯುವವರೆಗೆ ಗಂಡ ಹೆಂಡತಿ ಬಿಸಿಲಲ್ಲಿ ನಿಂತರು.

“ಏನ್ರಿ, ನಿಮಗ ಇದು ಬೇಕಾಗಿತ್ತಾ?” ಎಂದಳು ಭಾಗ್ಯಾ. ಸಿಟ್ಟಿನಿಂದಲ್ಲ, ಅವನ ಮುಖ ನೋಡಿ ಕರುಣೆ ಬಂದು ಕೇಳಿದ್ದು.

“ಬೇಕಾಗೇತಿ,” ಎಂದ ಗುರುಪಾದ. ಅಷ್ಟೇ ಹೇಳಲಿಕ್ಕೆ ಅವನಲ್ಲಿ ಉಸಿರಿತ್ತು.

ಅಂಗಡಿಯಲ್ಲಿ ಮೇಜಿನ ತುಂಬ ಬೀಜದ ಪೊಟ್ಟಣ. ಕೊನೆಗೆ ಮಿಕ್ಸರನ್ನು ತೂಕದ ಯಂತ್ರದ ಮೇಲಿಟ್ಟು, ಗುರುಪಾದ ಗೊಬ್ಬರದ ಚೀಲದ ಮೇಲೆ ಕೂತ. ಕಿವಿಗೆ ಹೆಡ್‌ಫೋನ್ ಏರಿಸಿದ. ದುಂಡಪ್ಪ ಕಾಕಾ, “ನಾ ಇಲ್ಲೇ ಕುಂತಿರತೇನಿ, ಗದ್ದಲ ಮಾಡೂದಿಲ್ಲ,” ಎಂದು ಕೂತು ಎರಡು ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದ.

ನಾಲ್ಕು ಗಂಟೆ. ಕೇಳುಗರು ಮುನ್ನೂರ ಐವತ್ತೆರಡು.

ಗುರುಪಾದ ಎಷ್ಟು ದಣಿದಿದ್ದನೆಂದರೆ ಗಾಬರಿಯಾಗುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಅದಕ್ಕೇ ತಾಳ ತಪ್ಪಲಿಲ್ಲ. ಮೊದಲ ಹಾಡು ಎರಡನೆಯದರೊಳಗೆ ಹಾಲಿಗೆ ಸಕ್ಕರೆ ಬೆರೆತ ಹಾಗೆ ಬೆರೆತುಹೋಯಿತು. ಎರಡನೆಯದು ಮೂರನೆಯದರೊಳಗೆ. ತೂಕದ ಯಂತ್ರದ ಅಂಕಿಗಳು ಅವನ ಬೆರಳಿನ ಭಾರಕ್ಕೆ ಏರುತ್ತ ಇಳಿಯುತ್ತಿದ್ದವು. ಗುರುಪಾದ ಕಣ್ಣು ಮುಚ್ಚಿದ. ಎರಡು ವರ್ಷದಲ್ಲಿ ಮೊದಲ ಸಲ ಅವನು ತನ್ನ ಸಂಗೀತವನ್ನು ತಾನೇ ಕೇಳಿ ಸುಖಪಟ್ಟ.

ಅರ್ಧ ತಾಸಾದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದ. “ಎಷ್ಟ ಮಂದಿ ಅದಾರ?”

ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದ ಭಾಗ್ಯಾ ಅದನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. “ಅದಾರ, ಅದಾರ. ನೀವು ಬಾರಸ್ರಿ.”

ಐದಕ್ಕೆ ಕೊನೆಯ ತಾಳ ನಿಂತಾಗ ಗುರುಪಾದ ಕಣ್ಣು ತೆರೆದು ಲ್ಯಾಪ್‌ಟಾಪ್ ತಿರುಗಿಸಿ ನೋಡಿದ. ಮೂರು.

ಸುಮನ ಮೇಡಂ ಅವರ ಫೋನ್ ಬಂತು. “ಭಾಳ ಚಂದ ಬಾರಿಸಿದ್ರಿ ಗುರುಪಾದ ಅವರ. ಖರೆ ಹೇಳತೇನಿ, ಇಷ್ಟ ಚಂದ ಎಂದೂ ಬಾರಿಸಿರಲಿಲ್ಲ. ಆದ್ರ ಏನ್ ಮಾಡೂದ್ರಿ... ಮುಂದಿನ ವಾರದಿಂದ ಉಪ್ಪಿನಕಾಯಿ.”

ಗುರುಪಾದ ಫೋನ್ ಇಟ್ಟು ಆ ಮೂರನ್ನೇ ನೋಡುತ್ತ ಕೂತ. ಒಬ್ಬರು ಸುಮನ ಮೇಡಂ. ಇನ್ನೊಂದು ಭಾಗ್ಯಾಳ ಫೋನು. ಹಾಗಾದರೆ ಮೂರನೆಯವರು? ಎಲ್ಲರೂ ಎದ್ದುಹೋದ ಮೇಲೂ ಕೊನೆಯವರೆಗೆ ಕೂತು ಕೇಳಿದ ಆ ಒಬ್ಬ ಪುಣ್ಯಾತ್ಮ ಯಾರು? ಅವನೊಬ್ಬ ಸಾಕು ಎನ್ನಿಸಿತು ಗುರುಪಾದನಿಗೆ.

ಅಷ್ಟರಲ್ಲಿ ಹೊರಗೆ ಬೈಕ್ ನಿಂತು, ಬೀರಸಿದ್ದಪ್ಪ ಏದುಸಿರು ಬಿಡುತ್ತ ಒಳಗೆ ಬಂದ.

“ಏನ್ರಿ ಗುರುಪಾದಣ್ಣಾರ ಹಿಂಗ ಮಾಡಿದ್ರಿ! ಜ್ವಾಳ ಹಾಲಗಾಳಾಗೈತಿ, ಹಕ್ಕಿ ಬಂದು ತಿನ್ನೂ ಹೊತ್ತ. ಇಷ್ಟ ದಿನ ನೀವು ದಡಬಡ ಅನ್ನಿಸಿ ಸೈರನ್ ಹೊಡದ್ರಂದ್ರ ಗಿಳಿ, ಗುಬ್ಬಿ ಎಲ್ಲಾ ಪರಾರಿ ಆಗತಿದ್ದೂ. ಕವಣಿ ಹಿಡದು ಹಕ್ಕಿ ಕಾಯೂದ ಬಿಟ್ಟಿದ್ವಿ. ಇವತ್ತ ಹೊಡೀತಾರ, ಈಗ ಹೊಡೀತಾರ ಅಂತ ಕಾದ್ವಿ. ಸೈರನ್ ಇಲ್ಲ, ಏನಿಲ್ಲ. ಸುತ್ತಲಿನ ಹೊಲದ ಗಿಳಿ ಎಲ್ಲಾ ಬಂದು ಕುಂತೂ. ಮಂದಿ ಎಲ್ಲಾರೂ ಬಂದ್ ಮಾಡಿ ಡಬ್ಬಿ ಬಡ್ಯಾಕತ್ತಾರ.”

ಗೊರಕೆ ನಿಲ್ಲಿಸಿ ದುಂಡಪ್ಪ ಕಾಕಾ ಎದ್ದು ಕೂತ.

“ತಮ್ಮಾ, ಔಷಧಿ ಒಯ್ಯಾಕ ಬಂದ ರೈತರಿಗೆಲ್ಲಾ ನಿನ್ನ ಬಾರಿಸೂದ ಹಚ್ರಿ, ಹಕ್ಕಿ ಬರೂದಿಲ್ಲ ಅಂತ ನಾ ಹೇಳೇನಿ. ನಂದು ಮರ್ಯಾದಿ ಹೋತಲ್ಲೋ. ಮುಂದಿನ ರವಿವಾರ ಮೊದಲಿನಂಗ ಕೆಡಸಿ ಬಾರಸು.”

“ಮುಂದಿನ ರವಿವಾರ ಇಲ್ಲ ಕಾಕಾ,” ಎಂದ ಗುರುಪಾದ. ಆಮೇಲೆ ಬೀರಸಿದ್ದಪ್ಪನತ್ತ ತಿರುಗಿದ. “ಒಬ್ಬಾಂವ ಮಾತ್ರ ಕಡೀತನಕ ಕೇಳ್ಯಾನ. ಅಂವ ಯಾರಂತ ಗೊತ್ತೈತೇನು?”

“ಅದು ನನ್ನ ಫೋನ್ರಿ. ಬಂದ್ ಮಾಡಾಕ ಹೋದ್ನಿ. ಸ್ಪೀಕರ್ ಮ್ಯಾಲ, ಫೋನ್ ಮ್ಯಾಲ, ಸುತ್ತಲಿನ ತೆನಿ ಮ್ಯಾಲ, ಬರೇ ಗಿಳಿ. ಕೈ ಚಾಚಿದ್ರ ಕಚ್ಚಾಕ ಬರತಾವು. ಕತ್ತ ಆಡಿಸಿಕೋತ ಕೇಳಾಕತ್ತಿದ್ವು.”

ಗುರುಪಾದ ಹೆಡ್‌ಫೋನಿನ ವೈರು ಸುತ್ತಿಟ್ಟ. ಆಮೇಲೆ ದಣಿದ ದನಿಯಲ್ಲಿ ಕೇಳಿದ. “ಎಷ್ಟ ಇದ್ದೂ?”

ಬೀರಸಿದ್ದಪ್ಪ ಮನಸ್ಸಿನಲ್ಲೇ ಅಂದಾಜು ಹಾಕಿದ. “ಮುನ್ನೂರಕ್ಕ ಕಡಿಮಿ ಇಲ್ರಿ.”

ಗುರುಪಾದ ಸುಮನ ಮೇಡಂ ಅವರ ನಂಬರ್ ತೆಗೆದು ಒಂದು ಗಳಿಗೆ ನೋಡಿದ, ಮತ್ತೆ ಫೋನನ್ನು ಜೇಬಿಗೆ ಹಾಕಿಕೊಂಡ.